ಅಲಮಾರಿಯೊಳಗಿನ ಕೀಬೋರ್ಡ್

ನಾನು ಕೀಬೋರ್ಡಿನಿಂದ ಕೈ ತೆಗೆದಿದ್ದೆ. ಆದರೂ ಮ್ಯಾಕ್ ಕಂಪ್ಯೂಟರ್‌ನ ಖಾಲಿ ಪುಟದ ಮೇಲೆ ಒಂದೇ ಅಕ್ಷರ ಸಾಲುಸಾಲಾಗಿ ಮೂಡುತ್ತಲೇ ಇತ್ತು.

ಬ್ರೂಸ್‌ಪೇಟೆಯ ಶಾಹೀನಕ್ಕನ ಮನೆಗೆ ಟೈಪಿಂಗ್ ತಂತ್ರಾಂಶ ಹಾಕಿಕೊಡಲು ಹೋಗಿದ್ದೆ. ಕಂಪ್ಯೂಟರ್ ಅವರ ಗಂಡನದು. ಮದುವೆ ಪತ್ರಿಕೆ ವಿನ್ಯಾಸ ಮಾಡುತ್ತಿದ್ದ ಅವರು ತೀರಿಕೊಂಡು ತಿಂಗಳಾಗಿತ್ತು. ತಂತ್ರಾಂಶ ತೆಗೆದು ಮತ್ತೆ ಹಾಕಿದೆ. ಅಕ್ಷರಗಳು ಮತ್ತೆ ಬಂದವು. ಬ್ಲೂಟೂತ್ ತೆರೆದು ನೋಡಿದರೆ, ತೀರಿಕೊಂಡವರ ಹೆಸರಿನಲ್ಲಿ ಇನ್ನೊಂದು ಕೀಬೋರ್ಡ್ ಜೋಡಣೆಯಾಗಿತ್ತು. ಅದೆಲ್ಲಿದೆ ಎಂದು ಕೇಳಿದೆ.

“ಅದು ಒಳಗ ಅಲಮಾರಿನಾಗ ಐತಿ. ಅವರ ಅಂಗಿ ಕೆಳಗ ಇಟ್ಟೀನಿ,” ಎಂದರು ಶಾಹೀನಕ್ಕ.

ಮಡಚಿಟ್ಟ ಅಂಗಿಗಳ ಭಾರಕ್ಕೆ ಒಂದು ಕೀಲಿ ಒತ್ತಿಕೊಂಡಿತ್ತು. ಕೀಬೋರ್ಡಿನ ಸ್ವಿಚ್ ಆರಿಸಿ ಬಂದು ಪುಟ ಅಳಿಸಹೊರಟೆ. ಅವರು ತಡೆದರು.

“ಅಳಸಬ್ಯಾಡ್ರಿ. ಸೇವ್ ಮಾಡಿ ಕೊಡ್ರಿ.”

ಈಗಲೂ ಯಾರದಾದರೂ ಮನೆಯಲ್ಲಿ ಖಾಲಿ ಪುಟ ತೆರೆದರೆ, ಕೈ ಹಿಂದಕ್ಕೆ ತೆಗೆದು ಒಂದು ಕ್ಷಣ ಕಾಯುತ್ತೇನೆ.