ಸೆಂಟಿನ ಪಕ್ಕದ ಬ್ರೇಕ್ ಆಯಿಲ್

ವರ್ಕಾಡಿಯ ನನ್ನ ಗ್ಯಾರೇಜಿಗೆ ಗೆಳೆಯ ಲ್ಯಾನ್ಸಿ ಬಂದಾಗ ಕೈಯಲ್ಲಿ ಟವೆಲ್ ಸುತ್ತಿದ ಒಂದು ಬಾಟಲಿ ಇತ್ತು. ಕುವೈತ್ ಬಿಟ್ಟು ಬರುವಾಗ ತಂದ ರೇಸಿನ ಬ್ರೇಕ್ ಆಯಿಲ್. ಹೋದ ವರ್ಷ ಅರ್ಧ ಬಳಸಿ, ಉಳಿದದ್ದನ್ನು ಕಪಾಟಿನಲ್ಲಿ ಸೆಂಟಿನ ಬಾಟಲಿಗಳ ಪಕ್ಕ ಜೋಪಾನ ಮಾಡಿದ್ದನಂತೆ. ಆ ವಾರ ಅವನ ಕಾರು ಕೊಯಮತ್ತೂರಿನ ರೇಸ್ ಟ್ರ್ಯಾಕಿನಲ್ಲಿ ಓಡಬೇಕಿತ್ತು.

“ಇದು ಬೇಡ,” ಎಂದೆ. “ಸೀಲ್ ಒಡೆದ ಮೇಲೆ ಇದು ಗಾಳಿಯ ತೇವ ಎಳೆಯುತ್ತದೆ. ನಮ್ಮ ಊರಿನ ಒಂದು ಮಳೆಗಾಲ ಸಾಕು. ಬ್ರೇಕ್ ಕಾದಾಗ ಆ ನೀರು ಕುದಿಯುತ್ತದೆ, ಮತ್ತೆ ಪೆಡಲ್ ಒತ್ತಿದರೆ ಎಂತದೂ ಇಲ್ಲ.”

“ಫಾರಿನ್‌ದು ಮಾರಾಯ. ಎಷ್ಟು ಬಿಸಿಗೆ ಕುದಿಯುತ್ತದೆಂದು ಮೇಲೆ ಬರೆದ ಡಿಗ್ರಿ ನೋಡು.”

“ಅದು ಸೀಲ್ ಒಡೆಯುವ ಮೊದಲಿನ ಡಿಗ್ರಿ.”

ನನ್ನ ಹತ್ತಿರ ತೇವ ನೋಡುವ, ಪೆನ್ನಿನಂಥ ಒಂದು ಮೀಟರ್ ಉಂಟು. ಅವನ ಬಾಟಲಿಗೆ ಅದ್ದಿದೆ, ಕೆಂಪು ಲೈಟು ಹತ್ತಿತು. ಮಂಗಳೂರಿನಿಂದ ತರಿಸಿದ್ದ ಹೊಸ ಬಾಟಲಿಯ ಸೀಲ್ ಒಡೆದು ಅದ್ದಿದೆ, ಹಸಿರು.

“ನಿನ್ನ ಮೀಟರಿಗೆ ಫಾರಿನ್ ಸಾಮಾನು ಗೊತ್ತಿಲ್ಲ,” ಎಂದ.

“ಹಾಗಾದರೆ ಕಾರು ತೆಗೆದುಕೊಂಡು ಹೋಗು.”

ಮುಖ ಊದಿಸಿಕೊಂಡೇ ಕೀ ಕೊಟ್ಟ. ಕಾರಿನಲ್ಲಿದ್ದ ಹಳೆಯ ಆಯಿಲನ್ನೆಲ್ಲ ಹೊರಗೆ ತೆಗೆದು ಹೊಸದನ್ನು ತುಂಬಿದೆ.

ಟ್ರ್ಯಾಕಿಗೆ ನಾನೂ ಹೋದೆ. ಮಧ್ಯಾಹ್ನದ ಬಿಸಿಲಿಗೆ ದೊಡ್ಡ ದೊಡ್ಡ ಕಾರುಗಳ ಬ್ರೇಕ್ ಮೆತ್ತಗಾಗಿ, ತಿರುವು ದೂರ ಇರುವಾಗಲೇ ಅವು ನಿಧಾನವಾಗುತ್ತಿದ್ದವು. ನಮ್ಮ ಪುಟ್ಟ ಹಳೇ ಕಾರು ಎಲ್ಲರಿಗಿಂತ ತಡವಾಗಿ ಬ್ರೇಕ್ ಹಿಡಿದು ಒಬ್ಬೊಬ್ಬರನ್ನೇ ದಾಟಿತು.

“ಪೆಡಲ್ ಕಲ್ಲಿನ ಹಾಗೆ ಉಂಟು ಮಾರಾಯ,” ಎಂದು ಲ್ಯಾನ್ಸಿ ಇಳಿದವನೇ ನನ್ನನ್ನು ಅಪ್ಪಿಕೊಂಡ. ಅದು ಕಪ್ಪಿನ ಪಂದ್ಯವೇನೂ ಅಲ್ಲ, ಆದರೂ ಆ ದಿನ ಯಾರಾದರೂ ಕಪ್ ಕೊಟ್ಟಿದ್ದರೆ ನಾನೇ ಹೋಗಿ ತೆಗೆದುಕೊಳ್ಳುತ್ತಿದ್ದೆ.

ಹೊಸ ಬಾಟಲಿಯಲ್ಲಿ ಮಿಕ್ಕ ಅರ್ಧವನ್ನು ಅವನು ಕೇಳಿ ಒಯ್ದ. ಕ್ರಿಸ್ಮಸ್ಸಿಗೆ ಅವನ ಮನೆಗೆ ಹೋದಾಗ ಹೆಮ್ಮೆಯಿಂದ ಕಪಾಟು ತೆರೆದು ತೋರಿಸಿದ. ಸೆಂಟಿನ ಪಕ್ಕದಲ್ಲಿ, ಟವೆಲ್ ಸುತ್ತಿಕೊಂಡು, ಬರುವ ವರ್ಷಕ್ಕೆಂದು ಅದು ಕಾಯುತ್ತಿತ್ತು.