ಅರವತ್ತು ವರ್ಷಕ್ಕೆ ಹದಿನೈದು ದಿನದ ಟ್ರಯಲ್

ದೊಡ್ಡಪ್ಪನಿಗೆ ಅರವತ್ತು ತುಂಬುವ ಹೊತ್ತಿಗೆ ನೌಪಾಡಾದಲ್ಲಿ ಅವರ ಹೋಟೆಲು ಶುರುವಾಗಿ ಮೂವತ್ತು ವರ್ಷ ದಾಟಿತ್ತು. ಉಡುಪಿ ಕಡೆಯಿಂದ ಠಾಣೆಗೆ ಬಂದು ಇಡ್ಲಿ ಮಾರಿ ದೊಡ್ಡವರಾದ ಅನೇಕರಂತೆ ಅವರಿಗೂ ತಮ್ಮ ಜೀವನ ಒಂದು ಸಿನಿಮಾ ಆಗಬೇಕಾದ್ದು, ಯಾರೂ ತೆಗೆಯಲಿಲ್ಲ ಅಷ್ಟೇ, ಎಂಬ ನಂಬಿಕೆಯಿತ್ತು. ಕಲ್ಯಾಣದಲ್ಲಿ ಇನ್ನೊಬ್ಬ ಹೋಟೆಲಿನವರ ಷಷ್ಟ್ಯಬ್ದಿಗೆ ಹೋಗಿ, ಅಲ್ಲಿ ಪರದೆಯ ಮೇಲೆ ಫೋಟೋಗಳು ಹಾಡಿನ ತಾಳಕ್ಕೆ ತಕ್ಕಂತೆ ಬಂದು ಹೋಗುವುದನ್ನು ನೋಡಿದ ಮೇಲೆ ಆ ನಂಬಿಕೆ ಹಟವಾಯಿತು.

"ನಿನ್ನ ಮನೆಯಲ್ಲಿ ಕಂಪ್ಯೂಟರ್ ಉಂಟಲ್ಲ," ಎಂದು ನನಗೆ ಫೋನು ಮಾಡಿದರು. "ನನ್ನದೂ ಒಂದು ಮಾಡಿಕೊಡು. ಅವನದ್ದಕ್ಕಿಂತ ಉದ್ದ ಇರಬೇಕು."

ಡೊಂಬಿವಲಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ನಿಜ. ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕೂತಿದ್ದ ಅದರಲ್ಲಿ ನಾನು ಮಾಡುತ್ತಿದ್ದ ಘನಕಾರ್ಯವೆಂದರೆ ಇಸ್ಪೀಟು ಆಡುವುದು. ಆದರೂ ದೊಡ್ಡಪ್ಪನಿಗೆ ಇಲ್ಲ ಎನ್ನುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಮರುದಿನವೇ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ನಲವತ್ತಮೂರು ಫೋಟೋ ನನ್ನ ಕೈ ಸೇರಿದವು.

ಬೇಲಾಪುರದ ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನವರು ವಿಜಯಪುರದವರು. ಸಂಕಟ ತೋಡಿಕೊಂಡಾಗ ಅವರು ಡ್ರಾಯರಿನಿಂದ ಒಂದು ಸಿಡಿ ತೆಗೆದರು. ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದದ್ದು.

"ಇದನ್ನ ಹಾಕ್ರಿ ಮೇಡಂ. ಫೋಟೋ ಕೊಡ್ರಿ, ಹಾಡು ಕೊಡ್ರಿ, ಸುಮ್ಮ ಕುಂದರ್ರಿ. ಎಲ್ಲಾ ತಾನs ಮಾಡತದ. ನಮ್ಮ ತಮ್ಮನ ಮದಿವಿದು ನಾ ಇದರಾಗs ಮಾಡೀನಿ."

"ಚೆನ್ನಾಗಿ ಬಂತಾ?"

"ಬಂತರಿ. ಆದರ ಮದುಮಗಳಿಗಿಂತ ಪೆಂಡಾಲ ಭಾಳ ಕಂಡತು."

ಇದು ಎಚ್ಚರಿಕೆಯೆಂದು ನನಗೆ ಆಗ ಹೊಳೆಯಲಿಲ್ಲ. ಊಟದ ವೇಳೆಯಲ್ಲಿ ಕಚೇರಿಯ ಸ್ಕ್ಯಾನರಿನಲ್ಲಿ ನಲವತ್ತಮೂರನ್ನೂ ಮೂರು ದಿನದಲ್ಲಿ ಸ್ಕ್ಯಾನ್ ಮಾಡಿಕೊಂಡು, ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕಂಪ್ಯೂಟರಿನ ಮುಂದೆ ಕೂತೆ.

ಸಾಫ್ಟ್‌ವೇರು ಬಹಳ ಮರ್ಯಾದಸ್ಥ. ಮೂರೇ ಪ್ರಶ್ನೆ ಕೇಳಿತು. ಯಾವ ಫೋಟೋ, ಯಾವ ಹಾಡು, ಯಾವ ಶೈಲಿ? ಶೈಲಿಗಳಲ್ಲಿ ಪ್ರೇಮ, ಪಾರ್ಟಿ, ಕ್ರೀಡೆ, ಹಳೆಯ ಸಿನಿಮಾ ಎಂದೆಲ್ಲ ಇದ್ದವು. ಅರವತ್ತು ತುಂಬಿದ ಹೋಟೆಲು ಮಾಲೀಕರು ಎಂಬ ಶೈಲಿ ಇರಲಿಲ್ಲ. ಹಬ್ಬದ ವಾತಾವರಣವಿರಲಿ ಎಂದು ಪಾರ್ಟಿ ಒತ್ತಿದೆ. ಐದು ನಿಮಿಷ ಯೋಚಿಸಿ ಅದು ತೋರಿಸಿದ ಮೊದಲ ದೃಶ್ಯದಲ್ಲಿ ನನ್ನ ಅಜ್ಜಿ ತೀರಿಹೋದಾಗಿನ ಬೊಜ್ಜದ ಊಟದ ಪಂಕ್ತಿಯ ಮೇಲೆ ಬಣ್ಣದ ಬಲೂನುಗಳು ಹಾರುತ್ತಿದ್ದವು. ತಲೆ ಬೋಳಿಸಿಕೊಂಡ ದೊಡ್ಡಪ್ಪ ತಾಳಕ್ಕೆ ಸರಿಯಾಗಿ ಎಡಕ್ಕೂ ಬಲಕ್ಕೂ ಅಲುಗಾಡುತ್ತಿದ್ದರು.

ಪಾರ್ಟಿ ಬಿಟ್ಟು ಪ್ರೇಮಕ್ಕೆ ಹೋದೆ. ದೊಡ್ಡಪ್ಪನೂ ಅವರ ಗ್ರೈಂಡರೂ ಇದ್ದ ಫೋಟೋದ ಸುತ್ತ ಕೆಂಪು ಹೃದಯಗಳು ಮೂಡಿದವು. ಅದು ಅಷ್ಟೇನೂ ಸುಳ್ಳಲ್ಲ, ಆದರೆ ದೊಡ್ಡಮ್ಮ ನೋಡಿದರೆ ಬೇಸರವಾದೀತು. ಕಡೆಗೆ ಹಳೆಯ ಸಿನಿಮಾ ಶೈಲಿಗೇ ಗಂಟುಬಿದ್ದೆ.

ಹಾಡಿಗೆ ದೊಡ್ಡಪ್ಪ ಒಂದು ಭಜನೆಯ ಕ್ಯಾಸೆಟ್ಟು ಕೊಟ್ಟಿದ್ದರು. ಭಜನೆ ಗೊತ್ತಲ್ಲ, ಶುರುವಿಗೆ ಎತ್ತಿನ ಗಾಡಿ, ಕೊನೆಗೆ ಫಾಸ್ಟ್ ಲೋಕಲ್ ರೈಲು. ಈ ಯಂತ್ರವೋ ತಾಳದ ಗುಲಾಮ. ಹಾಗಾಗಿ ದೊಡ್ಡಪ್ಪನ ಬ್ರಹ್ಮೋಪದೇಶದ ಫೋಟೋ ಪರದೆಯ ಮೇಲೆ ಮೂವತ್ತು ಸೆಕೆಂಡು ಅಲ್ಲಾಡದೆ ನಿಂತಿತು. ಮದುವೆ, ಮಕ್ಕಳು, ಎರಡನೇ ಅಂಗಡಿ ಎಲ್ಲವೂ ಕೊನೆಯ ಚಿಟಿಕೆ ತಾಳಕ್ಕೆ ಸಿಕ್ಕಿ, ಇಸ್ಪೀಟಿನ ಎಲೆ ಕಲಸಿದಂತೆ ಹಾರಿಹೋದವು. ಜೊತೆಗೆ ಪ್ರತಿ ದೃಶ್ಯದ ನಟ್ಟನಡುವೆ, ಇಂಗ್ಲಿಷಿನಲ್ಲಿ ಓರೆಯಾಗಿ, 'ಟ್ರಯಲ್' ಎಂಬ ಮುದ್ರೆ. ಹದಿನೈದು ದಿನ ಪುಕ್ಕಟೆ ಬಳಸುವವರಿಗೆ ಅದು ಕಟ್ಟುವ ಹಣೆಪಟ್ಟಿ.

ಮೂರನೇ ಸಲ ನೋಡುವಾಗ ಹಿಂದೆ ನಿಂತು ಕಾಫಿ ಕುಡಿಯುತ್ತಿದ್ದ ನನ್ನ ಗಂಡ ಕೇಳಿದರು, "ಇದು ದೊಡ್ಡಪ್ಪನ ಸಿನಿಮಾನೋ, ನಿನ್ನ ಅತ್ತೆದೋ?"

ಆಮೇಲೆಯೇ ನಾನು ಸರಿಯಾಗಿ ಗಮನಿಸಿದ್ದು. ಈ ಸಾಫ್ಟ್‌ವೇರು ಫೋಟೋವನ್ನು ಸುಮ್ಮನೆ ತೋರಿಸುವುದಿಲ್ಲ, ಅದರೊಳಗೆ ಎಲ್ಲೋ ಒಂದು ಕಡೆ ಮೆಲ್ಲನೆ ಹತ್ತಿರ ಸರಿಯುತ್ತದೆ. ಎಲ್ಲಿ ಎಂಬುದು ಅದರ ಇಷ್ಟ. ಅದು ನಡುವೆ ಎದೆ ಸೆಟೆಸಿ ನಿಂತ ದೊಡ್ಡಪ್ಪನನ್ನು ದಾಟಿಕೊಂಡು, ಮತ್ತೆ ಮತ್ತೆ ಬಲತುದಿಯ ಕಡೆಗೆ ಸರಿಯುತ್ತಿತ್ತು. ಬಲತುದಿಯಲ್ಲಿ ಪ್ರತಿಸಲವೂ ಇದ್ದವರು ಅತ್ತೆ.

ಅತ್ತೆ ಎಂದರೆ ದೊಡ್ಡಪ್ಪನ ತಂಗಿ. ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳಕೊಂಡು ಅಣ್ಣನ ಮನೆಗೆ ಬಂದವರು. ಹೋಟೆಲಿನ ಸಾರಿನ ಪುಡಿ, ಉಪ್ಪಿನಕಾಯಿ ಎಲ್ಲ ಅವರ ಕೈಯದ್ದು. ಜನ ನೌಪಾಡಾದ ಆಚೆಯಿಂದಲೂ ಬಂದು ಹೊಗಳುತ್ತಿದ್ದದ್ದು ಆ ಸಾರನ್ನು, ಹೊಗಳಿಸಿಕೊಳ್ಳುತ್ತಿದ್ದದ್ದು ದೊಡ್ಡಪ್ಪ. ಫೋಟೋ ತೆಗೆಯುವಾಗ ಅತ್ತೆ ಬಾಗಿಲ ಮರೆಯಲ್ಲೋ, ತಟ್ಟೆ ಹಿಡಿದುಕೊಂಡು ತುದಿಯಲ್ಲೋ ಇರುತ್ತಿದ್ದರು. ಲೆಕ್ಕ ಹಾಕಿದೆ. ನಲವತ್ತಮೂರರಲ್ಲಿ ಹನ್ನೊಂದು ಫೋಟೋಗಳಲ್ಲಿದ್ದರು. ಒಂದರಲ್ಲಿಯೂ ಪೂರ್ತಿ ಇರಲಿಲ್ಲ.

ಯಂತ್ರ ಎಲ್ಲಿ ಹತ್ತಿರ ಸರಿಯಬೇಕೆಂದು ನಾವೇ ಬದಲಾಯಿಸಬಹುದಿತ್ತು. ನಾಲ್ಕು ಫೋಟೋ ಬದಲಾಯಿಸಿದೆ. ಆಮೇಲೆ ನಿಲ್ಲಿಸಿದೆ. ಸೋಮಾರಿತನ ಅರ್ಧ, ಕಿಡಿಗೇಡಿತನ ಅರ್ಧ. ಇದರಲ್ಲಿ ನ್ಯಾಯ, ಪ್ರೀತಿ ಇತ್ಯಾದಿ ಏನಾದರೂ ಇದ್ದರೆ ಅದು ನನಗೆ ಆಗ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಅತ್ತೆಯೇ ಉಪ್ಪಿನಕಾಯಿ ಕೊಡಲು ಡೊಂಬಿವಲಿಗೆ ಬಂದರು. ತೋರಿಸದೆ ಇರಲು ಆಗಲಿಲ್ಲ. ಮೊದಲ ಸಲ ತಮ್ಮ ಮುಖ ಪರದೆಯ ತುಂಬ ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅಯ್ಯೋ, ಇದನ್ನು ತೆಗಿ ಮಾರಾಯ್ತಿ. ಅಣ್ಣ ಬೈತಾರೆ."

"ತೆಗೀತೇನೆ ಅತ್ತೆ."

ಸೆರಗು ಕೆಳಗಿಳಿಸಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ತೆಗಿಯುವ ಮೊದಲು ಇನ್ನೊಂದು ಸಲ ಹಾಕು."

ಹಾಕಿದೆ. ಈ ಸಲ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, ಪರದೆಗೆ ಬೆರಳು ತಾಗಿಸಿ ಹೇಳತೊಡಗಿದರು. "ಈ ಸೀರೆ ನಿನ್ನ ದೊಡ್ಡಮ್ಮಂದು, ಫೋಟೋಕ್ಕೆ ಅಂತ ಕೊಟ್ಟದ್ದು, ಸಂಜೆ ವಾಪಸ್ ತಕ್ಕೊಂಡ್ಳು... ಇದು ಹೋಟೆಲು ಪೂಜೆಯ ದಿನ. ಆವತ್ತು ನಾನು ನಗಾಡಿದ್ದು ಯಾಕೆ ಗೊತ್ತುಂಟಾ? ನಿನ್ನ ದೊಡ್ಡಪ್ಪನ ಪಂಚೆ ಹಿಂದೆ ಬಿಚ್ಚಿಕೊಂಡಿತ್ತು. ಫೋಟೋದವನಿಗೆ ಕಾಣಲಿಲ್ಲ, ನನಗೆ ಕಂಡಿತು." ಒಂದು ಫೋಟೋದಲ್ಲಿ ಅಂಚಿನಿಂದ ಒಂದು ಕೈ, ಕೈಯಲ್ಲಿ ಸೌಟು, ಇಷ್ಟೇ ಇತ್ತು. "ಅದೂ ನಾನೇ," ಎಂದರು, ಯಾರೋ ಅಲ್ಲಗಳೆದ ಹಾಗೆ.

ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಮುಖ ನೋಡದೆ ಕೇಳಿದರು. "ಅದು ಬದಲಾಯಿಸೋದು ಕಷ್ಟದ ಕೆಲಸವಾ?"

"ತುಂಬ ಕಷ್ಟ ಅತ್ತೆ," ಎಂದೆ.

"ಹಾಗಾದ್ರೆ ಬೇಡ ಬಿಡು. ನಿನಗೆ ಆಫೀಸು ಬೇರೆ ಉಂಟು."

ಷಷ್ಟ್ಯಬ್ದಿ ಠಾಣೆಯ ಒಂದು ಸಭಾಂಗಣದಲ್ಲಿ ನಡೆಯಿತು. ಹೋಮ ಮುಗಿದು, ಊಟಕ್ಕೆ ಎಲೆ ಹಾಕುವ ಮುಂಚೆ ನನ್ನ ಸಿಡಿಯನ್ನು ಹಾಕಿದರು. ಬ್ರಹ್ಮೋಪದೇಶದ ವಟು ಮೂವತ್ತು ಸೆಕೆಂಡು ಜನರನ್ನು ದಿಟ್ಟಿಸಿದ. ಅವನ ಮುಖಕ್ಕೆ ಅಡ್ಡವಾಗಿದ್ದ ಮುದ್ರೆಯನ್ನು ಮುಂದಿನ ಸಾಲಿನ ಒಬ್ಬ ಹಿರಿಯರು ಗಟ್ಟಿಯಾಗಿ ಓದಿದರು. "ಟ್ರಯಲ್ಲಾ? ಅರವತ್ತಾದರೂ ಇನ್ನೂ ಟ್ರಯಲ್ಲೇ?" ಇಡೀ ಸಭೆ ನಕ್ಕಿತು. ದೊಡ್ಡಪ್ಪ ನಗಲಿಲ್ಲ.

ಆಮೇಲೆ ಪರದೆಯ ಚಿತ್ರ ಮೆಲ್ಲನೆ ಬಲಕ್ಕೆ ಸರಿಯಿತು. ಸಭಾಂಗಣದ ಹಿಂದುಗಡೆ ಹೋಟೆಲಿನ ಹಳೆಯ ಕೆಲಸಗಾರರು ಸಾಲಾಗಿ ನಿಂತಿದ್ದರು. ಊರು ಬಿಟ್ಟು ಬಂದು, ಜ್ವರ ಬಂದಾಗ ಅತ್ತೆಯ ಕೈಯ ಗಂಜಿ ಉಂಡವರು. "ಓ, ಅಕ್ಕ!" ಎಂದು ಒಬ್ಬ ಕೂಗಿದ. ಎರಡನೇ ಸಲ ನಾಲ್ಕು ಜನ ಕೂಗಿದರು. ಐದನೇ ಸಲಕ್ಕೆ ಶಿಳ್ಳೆ. ಸೌಟು ಹಿಡಿದ ಬರಿ ಕೈ ಬಂದಾಗಲಂತೂ ಚಪ್ಪಾಳೆ ನಿಲ್ಲಲೇ ಇಲ್ಲ. ಅತ್ತೆ ಕಂಬಕ್ಕೆ ಒರಗಿ, ಕಣ್ಣು ನೆಲಕ್ಕೆ ನೆಟ್ಟು ನಿಂತಿದ್ದರು, ಕಿವಿಯವರೆಗೆ ಕೆಂಪಾಗಿ. ಆದರೆ ಅಲ್ಲಿಂದ ಎದ್ದು ಹೋಗಲಿಲ್ಲ.

ಭಜನೆ ಮುಗಿದು ದೀಪ ಹತ್ತಿದಾಗ ಹಾರ ಹಾಕಿಕೊಂಡ ದೊಡ್ಡಪ್ಪ ನನ್ನನ್ನು ಹತ್ತಿರ ಕರೆದರು. "ಇವತ್ತು ಯಾರಿಗೆ ಅರವತ್ತು?"

"ನಿಮಗೆ ದೊಡ್ಡಪ್ಪ. ಯಂತ್ರಕ್ಕೆ ಗೊತ್ತಾಗಲಿಲ್ಲ."

"ಯಂತ್ರಕ್ಕೆ ಗೊತ್ತಾಗದಿದ್ರೆ ನಿನಗೆ ಗೊತ್ತಾಗ್ಬೇಕಿತ್ತು."

ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ನನಗೆ ಬೇಸರವಾದದ್ದು ಮೊದಲ ವಾರ ಮಾತ್ರ.

ಮಾತು ಬಿಟ್ಟ ಆ ಕಾಲದಲ್ಲೇ ಅತ್ತೆ ಒಂದು ಬೆಳಿಗ್ಗೆ ಫೋನು ಮಾಡಿ, ಸಿನಿಮಾದಲ್ಲಿ ದೊಡ್ಡದಾಗಿ ಬಂದ ತಮ್ಮ ಮುಖವನ್ನು ಕಾಗದದ ಮೇಲೆ ತೆಗೆದುಕೊಡಲು ಆಗುತ್ತದೆಯೇ ಎಂದು ಕೇಳಿದರು. ಪ್ರಯತ್ನಿಸಿದೆ. ಅಷ್ಟು ಹತ್ತಿರಕ್ಕೆ ಎಳೆದ ಮುಖ ಕಾಗದದ ಮೇಲೆ ಉಪ್ಪಿಟ್ಟಿನಂತೆ ಒಡೆದುಕೊಂಡಿತ್ತು. ಹಾಗೆಂದು ಹೇಳಿದೆ. "ಸರಿ," ಎಂದು ಫೋನಿಟ್ಟರು. ಆ ಶನಿವಾರ ಒಬ್ಬರೇ ಸ್ಟೂಡಿಯೋಗೆ ಹೋಗಿ, ಕುರ್ಚಿಯ ಮೇಲೆ ಕೂತು, ತಲೆಯಿಂದ ಕಾಲಿನವರೆಗೆ ಪೂರ್ತಿ ಫೋಟೋ ತೆಗೆಸಿಕೊಂಡು ಬಂದರು. ಅದಕ್ಕೆ ಚೌಕಟ್ಟು ಬೇರೆ ಹಾಕಿಸಿದ್ದರು.

ದೊಡ್ಡಮ್ಮ ಬಾಗಿಲಲ್ಲೇ ತಡೆದರಂತೆ. "ಬದುಕಿರುವವರ ಫೋಟೋ ಗೋಡೆಗೆ ತೂಗುಹಾಕಬಾರದು, ಒಳ್ಳೇದಲ್ಲ."

"ಹೌದಾ ಅತ್ತಿಗೆ? ಹೋಟೆಲಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಅಣ್ಣಂದು ತೂಗ್ತಾ ಉಂಟಲ್ಲ, ಇಪ್ಪತ್ತು ವರ್ಷದಿಂದ."

ದೊಡ್ಡಪ್ಪ ಪೇಪರಿನ ಹಿಂದಿನಿಂದ ಮುಖ ಹೊರಗೆ ಹಾಕಲೂ ಇಲ್ಲ. ಅತ್ತೆ ತಾವೇ ಸ್ಟೂಲು ಹತ್ತಿ, ಅಡುಗೆಮನೆಯಲ್ಲಿ ಅಲ್ಲ, ನಡುಮನೆಯಲ್ಲಿ, ಟೀವಿಯ ಮೇಲುಗಡೆ ಮೊಳೆ ಹೊಡೆದರು.