ರೇಡಾರಿನ ಮುಂದಿನ ಕುರ್ಚಿ

ನನ್ನ ಮೊಮ್ಮಗಳು ವಿಮಾನಗಳಿಗೆ ದಾರಿ ಹೇಳುವ ಕೆಲಸದಲ್ಲಿದ್ದಾಳೆ. ಉತ್ತರದ ಕಡೆ, ಗುಡ್ಡಗಳ ನಡುವಿನ ಊರು. ಅದರ ಹೆಸರು ನನ್ನ ನಾಲಗೆಗೆ ಹೊರಳುವುದಿಲ್ಲ. ಕೆಲಸ ಸಿಕ್ಕಾಗ ಅರಕಲಗೂಡಿನ ನಮ್ಮ ಬೀದಿಯಲ್ಲೆಲ್ಲ ನಾನೇ ಹೇಳಿಕೊಂಡು ಬಂದೆ, ಕೂತಲ್ಲೇ ಟಿವಿಯಂಥದ್ದರಲ್ಲಿ ಅವಳಿಗೆ ಎಲ್ಲ ವಿಮಾನವೂ ಕಾಣುತ್ತದೆ ಎಂದು. ಅದನ್ನು ನಂಬಿ ಎದುರುಮನೆಯವಳು ನನ್ನ ಕೈಯಿಂದ ಫೋನು ಕಿತ್ತುಕೊಂಡು, "ನಮ್ಮಳಿಯ ನಾಳೀಕೆ ದುಬೈಯಿಂದ ಬತ್ತಾವ್ನೆ ಕಣವ್ವ, ಅವನ ಇಮಾನ ವಸಿ ನೋಡ್ಕೊ" ಎಂದಿದ್ದಳು. "ಆಯ್ತು ದೊಡ್ಡವ್ವ" ಎಂದು ಇವಳು ಆ ಕಡೆಯಿಂದ ನಕ್ಕಿದ್ದಳು.

ಹೋದ ವರ್ಷ ಹೇಳದೆ ಕೇಳದೆ ರಜೆ ಹಾಕಿ ಬಂದಳು. ಫೋನು ಮಾಡಿದ್ದೇ ಹಾಸನದಲ್ಲಿ ಬಸ್ಸಿಳಿದ ಮೇಲೆ. ಬಂದವಳು ಊಟಕ್ಕೆ ಬಿಟ್ಟರೆ ಬಾಯಿ ತೆರೆಯಲಿಲ್ಲ. ಅವಳ ಅಪ್ಪ ಅಮ್ಮ, ಅಂದರೆ ನನ್ನ ಮಗ ಸೊಸೆ, ಹೊಳೆನರಸೀಪುರದ ಶಾಲೆಯಲ್ಲಿ ಪಾಠ ಹೇಳುವವರು. ಬೆಳಗ್ಗೆ ಹೋದರೆ ಬರುವುದು ಸಂಜೆಗೇ. ಹಗಲೆಲ್ಲ ನಾವಿಬ್ಬರೇ. ಅವಳು ಮಾತಾಡದಿದ್ದರೂ ನನಗೆ ಬೇಸರವಿರಲಿಲ್ಲ. ಮಧ್ಯಾಹ್ನ ತೊಳೆಯುವುದಕ್ಕೆ ಇನ್ನೊಂದು ತಟ್ಟೆ ಇತ್ತಲ್ಲ.

ಒಂದು ದಿನ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಾ ಕೇಳಿಯೇಬಿಟ್ಟೆ.

"ಯಾರಾರ ಸತ್ತೋದ್ರೇನೇ?"

"ಇಲ್ಲ ಕಣಜ್ಜಿ."

"ಮತ್ಯಾಕೆ ಸೂತ್ಕದ ಮನೆಯೋಳಂಗೆ ಕುಂತಿದ್ದೀಯೆ?"

"ಸಾಯ್ಬೋದಿತ್ತು."

ಆಮೇಲೆ ಎಲ್ಲ ಹೇಳಿದಳು. ಗುಡ್ಡದ ಆಚೆ ರೇಡಾರು ಸರಿಯಾಗಿ ಹಿಡಿಯುವುದಿಲ್ಲವಂತೆ. ಇದ್ದ ವಿಮಾನ ಪರದೆಯಿಂದ ಮಾಯವಾಗುತ್ತದೆ. ಒಂದೊಂದು ಸಲ ಒಂದೇ ವಿಮಾನ ಎರಡಾಗಿ ಕಾಣುತ್ತದೆ. ಆವತ್ತು ಒಂದರ ಗುರುತು ಹೋಯಿತು. ಅದರ ಕೆಳಗಿನಿಂದ ಇನ್ನೊಂದು ಮೇಲೇರುತ್ತಿತ್ತು. ಇವಳು ಎಷ್ಟು ಕರೆದರೂ ಮೇಲಿನವನು ಓಗೊಡಲಿಲ್ಲ. ಕೆಳಗಿನವನಿಗೆ ಏರಬೇಡ, ಇದ್ದಲ್ಲೇ ಇರು ಎಂದಳು. ಕಡೆಗೆ ಮೇಲಿನವನ ದನಿ ಬಂತು. ಎರಡೂ ಕ್ಷೇಮವಾಗಿ ಇಳಿದವು. ಒಳಗೆ ಕೂತಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಇವಳು ಮಾತ್ರ ಕುರ್ಚಿಯಿಂದ ಎದ್ದು ಬಂದು ರಜೆ ಬರೆದುಕೊಟ್ಟಳು.

"ಕಾಣ್ದೆ ಓದ್ಮೇಲೆ ನಿಲ್ಸಾಕಿಲ್ವಾ?"

"ನಿಲ್ಸೋಕೆ ಅದೇನು ಬಸ್ಸಾ?" ಎಂದು ರೇಗಿದಳು. "ಕಾಣ್ದಿದ್ರೆ ಕೇಳ್ಬೇಕು, ಎಲ್ಲಿದ್ದೀರಾ, ಎಷ್ಟು ಎತ್ತರದಲ್ಲಿದ್ದೀರಾ ಅಂತ. ಅವ್ರು ಹೇಳಿದ್ದು ನಂಬ್ಕೊಂಡು ಮಧ್ಯೆ ಜಾಗ ಜಾಸ್ತಿ ಬಿಡ್ಬೇಕು."

"ಒಂಟೋರ್ನ ಎಲ್ಲಿಗೆ ಅಂತ ಕೇಳ್ಬಾರ್ದು, ದೂರನಾ ಅನ್ಬೇಕು ಅಂತ ಚಿಕ್ಕೋಳಿದ್ದಾಗ್ಲೇ ಏಳ್ಕೊಟ್ಟಿದ್ನಲ್ಲೇ."

"ಹೂಂ, ಪೈಲಟ್ಟಿಗೆ ದೂರ ಹೊರಟ್ರಾ ಸಾರ್ ಅಂತೀನಿ, ಬಿಡು."

ಬಂದಮೇಲೆ ನಕ್ಕದ್ದು ಅದೇ ಮೊದಲು.

ಆಫೀಸಿನವರು ಒಂದು ದಾರಿ ಹೇಳಿದ್ದರು. ಭಯವಿದ್ದರೆ ರೇಡಾರು ಬಿಟ್ಟು ಮೈಸೂರಿನಲ್ಲಿ ಫೈಲು ನೋಡುವ ಕೆಲಸಕ್ಕೆ ಹೋಗಬಹುದು, ಸೋಮವಾರ ಫೋನಿನಲ್ಲಿ ತಿಳಿಸಿದರೆ ಸಾಕು. ಸೊಸೆ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನನಗೂ ಅದೇ ಬೇಕಿತ್ತು. ಮೈಸೂರಾದರೆ ಶನಿವಾರ ಬಸ್ಸು ಹತ್ತಿ ಮನೆಗೆ ಬರುತ್ತಾಳೆ. ಅವಳ ಭಯಕ್ಕಲ್ಲ, ನನಗೆ ಮಾತಿಗೊಬ್ಬರು ಬೇಕಿತ್ತು.

ಭಾನುವಾರ ನಾಲ್ವರೂ ಊಟಕ್ಕೆ ಕೂತಾಗ, "ಮೈಸೂರೇ ಸರಿ, ನಾಳೆ ಹೇಳ್ಬಿಡ್ತೀನಿ" ಎಂದಳು. ನಾನು ಸಾರು ಬಡಿಸುತ್ತಿದ್ದೆ.

"ಆ ಕುರ್ಚೀಲಿ ಇನ್ಯಾರು ಕೂರ್ತಾರೆ?"

"ಯಾರೋ ಹೊಸಬ್ರು."

"ಅವ್ರಿಗೆ ಕಾಣ್ತದಾ?"

"ಅದೇ ರೇಡಾರು ಕಣಜ್ಜಿ. ಯಾರು ಕೂತ್ರೂ ಅಷ್ಟೇ."

ನಾನು ಕೇಳಿದ್ದು ಇಷ್ಟೇ. ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಕೇಳಿದ್ದಲ್ಲ, ಗೊತ್ತಿಲ್ಲದೆ ಕೇಳಿದ್ದು. ಅವಳು ಮುರಿದ ಮುದ್ದೆಯನ್ನು ತಟ್ಟೆಗೇ ಇಟ್ಟಳು. "ಅವತ್ತು ಕಾಣ್ದಿದ್ರೂ ಕೆಳಗಿನವನಿಗೆ ಏರಬೇಡ ಅಂದಿದ್ದು ನಾನೇ ಅಲ್ವಾ" ಎಂದಳು. ಯಾರಿಗೆ ಹೇಳಿದಳೋ.

ಸೋಮವಾರ ಫೋನಿನಲ್ಲಿ ಹಿಂದಿಯಲ್ಲಿ ಮಾತಾಡಿದಳು. ನನಗೆ ತಿಳಿಯಲಿಲ್ಲ. ಸೊಸೆಯ ಮುಖ ನೋಡಿದ ಮೇಲೆ ತಿಳಿಯಿತು, ಮೈಸೂರಿಗಲ್ಲ, ಹಳೇ ಕುರ್ಚಿಗೇ ಹೊರಟಿದ್ದಾಳೆ ಎಂದು. ಚನ್ನರಾಯಪಟ್ಟಣದವರೆಗೆ ಮಗ ಜೊತೆಗೆ ಹೋಗಿ ಬಸ್ಸು ಹತ್ತಿಸಿ ಬಂದ.

"ನಿಮ್ಮನ್ನ ಯಾರು ಕೇಳಿದ್ರು ಅತ್ತೆ?" ಎಂದಳು ಸೊಸೆ.

"ಯಾರೂ ಕೇಳ್ನಿಲ್ಲ. ನಾನೇ ಕೇಳ್ದೆ."

ಆಮೇಲಿಂದ ಸೊಸೆ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾಳೆ. ಹಾಲು ಬಂತಾ, ಗ್ಯಾಸು ಮುಗಿಯಿತಾ, ಅಷ್ಟೇ. ಮಗ ನಡುವೆ ಬಾಯಿ ಹಾಕುವುದಿಲ್ಲ.

ಕೆಲಸಕ್ಕೆ ಕೂರುವಾಗ ಮೊಮ್ಮಗಳು ಫೋನನ್ನು ಹೊರಗೇ ಇಡಬೇಕಂತೆ. ನಾನು ಮಾಡಿದರೆ ಸುಮ್ಮನೆ ಹೊಡೆದುಕೊಳ್ಳುತ್ತದೆ. ಬಿಡುವಾದಾಗ ಅವಳೇ ಮಾಡುತ್ತಾಳೆ. ಮೊನ್ನೆ ಮಾಡಿದ್ದಳು.

"ಮತ್ತೆ ಒಂದ್ರ ಗುರುತು ಹೋಗಿತ್ತು ಕಣಜ್ಜಿ. ಕೇಳ್ದೆ, ಹೇಳಿದ್ರು."

"ಎದ್ರಿಕೆ ಆಯ್ತಾ?"

"ಆಯ್ತು."

"ಕುಂತಿದ್ದಾ, ಎದ್ಬಂದ್ಯಾ?"

"ಕೂತಿದ್ದೆ."

ಸರಿ ಎಂದು ಫೋನು ಇಟ್ಟೆ. ಇದನ್ನು ಸೊಸೆಗೆ ಹೇಳುವ ಹಾಗಿಲ್ಲ, ಮಗನಿಗೆ ಹೇಳಿದರೂ ಅವಳಿಗೆ ಮುಟ್ಟುತ್ತದೆ. ಹೇಳುವುದಕ್ಕೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.